ಗೋದಾಮಿನಿಂದ ತಾಟಿನವರೆಗೆ: ಸಾರ್ವಜನಿಕ ಆರೋಗ್ಯ ಓದುತ್ತಿರುವವರಿಗೆ ಒಂದು ಬಹಿರಂಗ ಪತ್ರ



ಎರಡನೇ ವರ್ಷಕ್ಕೆ ಕಾಲಿಟ್ಟ ಕೂಡಲೇ ನಿಮ್ಮ ಮುಂದೆ ಎರಡು ಪ್ರಶ್ನೆ ಬಂದು ನಿಲ್ಲುತ್ತವೆ. ಪ್ರಬಂಧಕ್ಕೆ ವಿಷಯ ಯಾವುದು, ಓದು ಮುಗಿದ ಮೇಲೆ ಕೆಲಸ ಎಲ್ಲಿ? ಆಸ್ಪತ್ರೆ ಆಡಳಿತ, ವಿಮಾ ಕಂಪನಿ, ಔಷಧ ಕಂಪನಿಗಳ ದಾರಿ ತೋರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಜನರ ಆಹಾರ ಭದ್ರತೆಯನ್ನೇ ಬದುಕಿನ ಕೆಲಸ ಮಾಡಿಕೊಳ್ಳಬಹುದೇ ಎಂದು ಕೇಳಿದರೆ ಮಾತ್ರ, ಅದು ಆಹಾರ ಇಲಾಖೆಯವರ ಕೆಲಸವಲ್ಲವೇ, ಕೃಷಿ ಇಲಾಖೆಯವರದ್ದಲ್ಲವೇ ಎಂಬ ಉತ್ತರ ಸಿಗುತ್ತದೆ. ರಾಯಚೂರು, ಯಾದಗಿರಿ ಕಡೆಯ ತಾಲ್ಲೂಕುಗಳಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವಳು ನಾನು. ಇದು ಆರೋಗ್ಯದ ಕೆಲಸವೇ, ಇದಕ್ಕೆ ನಿಮ್ಮಂಥವರು ತುರ್ತಾಗಿ ಬೇಕಾಗಿದ್ದಾರೆ ಎಂದು ಹೇಳಲಿಕ್ಕಾಗಿಯೇ ಈ ಪತ್ರ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕರ್ನಾಟಕದ ಪುಟವನ್ನು ತೆಗೆದು ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಶೇ 32.9ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ 65.5, ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 60.9 ಇತ್ತು. ಅಂದರೆ ಇಳಿಯಬೇಕಾದದ್ದು ಏರಿದೆ.

ಇದಕ್ಕೆ ಯೋಜನೆಗಳ ಕೊರತೆ ಕಾರಣವೆನ್ನುವ ಹಾಗಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿ ಒಂದಾಗಿತ್ತು. 2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದಾಗಲೇ ರಾಜಸ್ಥಾನದಲ್ಲಿ ಬರಪೀಡಿತರು ಹಸಿದಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಮೊಕದ್ದಮೆಯಲ್ಲೇ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂಬ ಆದೇಶ ಬಂತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅದೇ ವರ್ಷ ನಮ್ಮಲ್ಲಿ ಅನ್ನಭಾಗ್ಯ ಬಂತು, ಕ್ಷೀರಭಾಗ್ಯ ಬಂತು. 2017ರಲ್ಲಿ ಮಾತೃಪೂರ್ಣ. ಕಾಯ್ದೆ ಇದೆ, ದುಡ್ಡು ಇದೆ, ಧಾನ್ಯವೂ ಇದೆ. ಆದರೂ ತೂಕದ ಮಷಿನ್ ಮೇಲೆ ಕೂತ ಮಗುವಿನಲ್ಲಿ ಅದರ ಫಲ ಕಾಣುತ್ತಿಲ್ಲ.

ಹಾಗಾದರೆ ಗೋದಾಮಿನಿಂದ ತಾಟಿನವರೆಗಿನ ದಾರಿಯಲ್ಲಿ ಆಹಾರ ಎಲ್ಲಿ ನಿಂತಿತು, ಯಾಕೆ ನಿಂತಿತು? ಇದನ್ನು ಊರೂರು ತಿರುಗಿ ಪತ್ತೆ ಮಾಡುವವರೇ ಆಹಾರ ಭದ್ರತೆಯ ಆರೋಗ್ಯ ಕಾರ್ಯಕರ್ತರು. ಗೋಡೆಗೆ ಚಾರ್ಟ್ ತೂಗುಹಾಕಿ, ಸಮತೋಲಿತ ಆಹಾರ ತಿನ್ನಿರಮ್ಮಾ ಎಂದು ಹೆಂಗಸರಿಗೆ ಬುದ್ಧಿ ಹೇಳುವುದನ್ನೇ ನಾವು ಬಹಳ ಕಾಲ ಪೌಷ್ಟಿಕ ಆಹಾರ ಶಿಕ್ಷಣ ಎಂದು ಕರೆದುಕೊಂಡು ಬಂದಿದ್ದೇವೆ. ಹಣ್ಣು ತರಕಾರಿ ತಿನ್ನಬೇಕು ಎಂಬುದು ಆ ತಾಯಿಗೆ ಗೊತ್ತಿಲ್ಲದ ವಿಷಯವಲ್ಲ. ಅದು ಅವಳ ಮನೆಗೆ ಬರದಿರುವ ಕಾರಣ ನಮಗೆ ಗೊತ್ತಿಲ್ಲ.

ದೇವದುರ್ಗದ ಕಡೆಯ ಒಂದು ಊರಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಜ್ಜಿಯೊಬ್ಬಳು ಕಟ್ಟೆಯ ಮೇಲೆ ಕೂತು ಮೊರದಲ್ಲಿ ಪಡಿತರದ ಅಕ್ಕಿ ಹರವಿಕೊಂಡಿದ್ದಳು. ಕಲ್ಲು ಆರಿಸುತ್ತಿದ್ದಾಳೆ ಅಂದುಕೊಂಡರೆ, ಅವಳು ಬೇರೆ ಮಾಡುತ್ತಿದ್ದದ್ದು ಅಕ್ಕಿಕಾಳನ್ನೇ. ಉಳಿದವುಗಳಿಗಿಂತ ತುಸು ಬಣ್ಣಗೆಟ್ಟಂತೆ ಕಾಣುವ, ಒಂದೇ ಅಚ್ಚಿನ ಕಾಳುಗಳು. “ಪ್ಲಾಸ್ಟಿಕ್ ಅಕ್ಕಿರೀ ಅಕ್ಕಾರ, ನೀರಾಗ ಹಾಕಿದ್ರ ಮ್ಯಾಲ ತೇಲ್ತಾವು. ಮೊಮ್ಮಗಳು ಬಸುರಿ ಅದಾಳ, ಅಕೀಗೆ ಹ್ಯಾಂಗ ತಿನ್ನಸ್ಲಿ?” ಎಂದಳು. ಆರಿಸಿದ್ದನ್ನು ಅಂಗಳದ ಕೋಳಿಗಳಿಗೆ ಚೆಲ್ಲಿದಳು. ಅವಳು ಚೆಲ್ಲಿದ್ದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. 2021ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಣೆಯಾಗಿ ದೇಶದ ಪಡಿತರಕ್ಕೆಲ್ಲ ಬಂದದ್ದು. ದಿಲ್ಲಿಯಿಂದ ಹೊರಟ ಕಬ್ಬಿಣಾಂಶ ಆ ಬಸುರಿಯ ತಾಟಿಗೆ ಒಂದು ಗೇಣು ದೂರ ಇರುವಾಗ ಕೋಳಿಯ ಪಾಲಾಯಿತು. ಮಾಡಿದ್ದು ಯಾರು? ಅವಳನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವ ಅಜ್ಜಿ.

ಇದನ್ನು ಅಜ್ಞಾನ, ಮೂಢನಂಬಿಕೆ ಎಂದು ವರದಿಯಲ್ಲಿ ಬರೆದು ಮುಗಿಸುವವರಿದ್ದಾರೆ. ನೀವು ಹಾಗೆ ಬರೆಯಬೇಡಿ. ಪಡಿತರದಲ್ಲಿ ಬಂದ ಅಕ್ಕಿ ಬದಲಾಗಿದೆ, ಯಾಕೆ ಬದಲಾಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅನುಮಾನ ಬಂದದ್ದನ್ನು ಆರಿಸಿ ಎಸೆಯುವುದು ಅಡುಗೆ ಗೊತ್ತಿರುವ ಯಾರೇ ಆದರೂ ಮಾಡುವ ಕೆಲಸ. ನ್ಯಾಯಬೆಲೆ ಅಂಗಡಿಯ ಮುಂದೆ ಅಕ್ಕಿ ಕೊಡುವ ದಿನ ಒಂದು ಗಂಟೆ ನಿಂತು, ಒಂದು ಬಟ್ಟಲು ನೀರಿನಲ್ಲಿ ಆ ಕಾಳು ನೆನೆಯಿಟ್ಟು, ಮೆತ್ತಗಾಗುವುದನ್ನು, ಬೇಯುವುದನ್ನು ತೋರಿಸಿದ್ದರೆ ಸಾಕಿತ್ತು. ಆ ಒಂದು ಗಂಟೆ ಯಾವ ಇಲಾಖೆಯ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಆಹಾರ ಇಲಾಖೆಯವರಿಗೆ ಅಕ್ಕಿ ಎತ್ತುವಳಿಯಾಗಿ ಹಂಚಿಕೆಯಾದರೆ ಮುಗಿಯಿತು, ಆರೋಗ್ಯ ಇಲಾಖೆಯವರಿಗೆ ಮಾತ್ರೆ ಹಂಚಿದರೆ ಮುಗಿಯಿತು. ಎರಡರ ನಡುವೆ ಉಳಿದುಹೋದ ಜಾಗ ಇದೆಯಲ್ಲ, ನೀವು ಬಂದು ನಿಲ್ಲಬೇಕಾದದ್ದು ಅಲ್ಲಿ.

ಸಾರವರ್ಧಿತ ಅಕ್ಕಿಯೇ ಎಲ್ಲಕ್ಕೂ ಮದ್ದು ಎಂದು ನಾನು ನಂಬಿಲ್ಲ. ವಿಜ್ಞಾನಿಗಳಲ್ಲೇ ಈ ಬಗ್ಗೆ ಭಿನ್ನಾಭಿಪ್ರಾಯ ಇದೆ. ಕುಡಗೋಲು ಕಣ ರಕ್ತಹೀನತೆ ಇರುವ ಬುಡಕಟ್ಟು ಜನರಿಗೆ ಅದೇ ಅಕ್ಕಿ ಕೊಡುವ ಬಗ್ಗೆ ಎದ್ದ ಪ್ರಶ್ನೆಗಳನ್ನು ನೀವು ಗಂಭೀರವಾಗಿ ಓದಬೇಕು. ನನ್ನ ಒಲವು ಜೋಳ, ರಾಗಿ, ಬೇಳೆ, ಸೊಪ್ಪು, ಮೊಟ್ಟೆಗಳ ಕಡೆಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಆಫ್ರಿಕದ ರಾಗಿಗೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ರೈತರು ರಾಗಿ ಬ್ರಹ್ಮ ಎಂದು ಕರೆದರು. ವೈದ್ಯರಲ್ಲದ ಅವರು ಈ ನಾಡಿನ ಮೂಳೆಗಳಿಗೆ ಮಾಡಿದ ಉಪಕಾರ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಇನ್ನು ಬೇಳೆಯ ವಿಷಯ. ಕಲಬುರಗಿಯನ್ನು ತೊಗರಿಯ ಕಣಜ ಅನ್ನುತ್ತೇವೆ. ಆ ಕಣಜದ ಊರುಗಳಲ್ಲೇ, ತೊಗರಿ ಹೊಲದಲ್ಲಿ ಕೂಲಿ ಮಾಡುವ ಹೆಂಗಸಿನ ಮನೆಯ ಸಾರಿನಲ್ಲಿ ಬೇಳೆ ಹುಡುಕಬೇಕು. ಬೆಳೆ ಮಾರುಕಟ್ಟೆಗೆ ಹೋಗುತ್ತದೆ, ಬೇಳೆಯಾಗಿ ತಿರುಗಿ ಬರುವಾಗ ಅವಳ ಕೂಲಿಗೆ ಎಟುಕುವುದಿಲ್ಲ. ಹಿಮೋಗ್ಲೋಬಿನ್ ಅಳೆಯುವವರು ಎಪಿಎಂಸಿ ದರವನ್ನೂ ನೋಡಬೇಕು ಅನ್ನುವುದು ಇದಕ್ಕೇ.

ಮಾತೃಪೂರ್ಣದ ಕಥೆಯೂ ಕಲಿಯಬೇಕಾದದ್ದೇ. ಬಸುರಿಗೆ ಮನೆಗೇ ರೇಷನ್ ಕೊಟ್ಟರೆ ಅದು ಇಡೀ ಕುಟುಂಬಕ್ಕೆ ಹಂಚಿಕೆಯಾಗುತ್ತದೆ, ಅವಳ ಪಾಲಿಗೆ ಉಳಿಯುವುದು ಸ್ವಲ್ಪ. ಅದಕ್ಕಾಗಿಯೇ ಅಂಗನವಾಡಿಯಲ್ಲೇ ಕೂಡಿಸಿ ಬಿಸಿ ಊಟ ಹಾಕುವ ಯೋಚನೆ ಬಂತು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ, ಜೊತೆಗೆ ಕಬ್ಬಿಣಾಂಶದ ಮಾತ್ರೆಯನ್ನು ಕಣ್ಣೆದುರೇ ನುಂಗಿಸುವುದು. ಯೋಚನೆ ಬಹಳ ಒಳ್ಳೆಯದು. ಆದರೆ ನಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಹೆಂಗಸರು ಬೆಳಿಗ್ಗೆಯೇ ಗಾಡಿ ಹತ್ತಿ ಹೊಲಕ್ಕೆ ಹೋಗಿರುತ್ತಾರೆ. ಮಧ್ಯಾಹ್ನದ ಊಟಕ್ಕೆ ಬರಬೇಕೆಂದರೆ ಆ ದಿನದ ಕೂಲಿ ಬಿಡಬೇಕು. ಮಲೆನಾಡಿನ ಒಂಟಿಮನೆಗಳಿಂದ ತುಂಬು ಬಸುರಿ ಏರು ಇಳಿದು ಅಂಗನವಾಡಿಗೆ ಬರುವುದು ಇನ್ನೊಂದು ಕಷ್ಟ. ಮೇಲು ಜಾತಿಯವರ ಓಣಿಯಲ್ಲಿ ಕೇಂದ್ರ ಇದ್ದರೆ ಯಾರು ಬರುವುದಿಲ್ಲ, ದಲಿತರ ಕೇರಿಯಲ್ಲಿ ಇದ್ದರೆ ಯಾರು ಬರುವುದಿಲ್ಲ ಎಂಬುದನ್ನು ನೀವು ಕೇಳುವ ಮೊದಲೇ ಹಾಜರಿ ಪುಸ್ತಕ ಹೇಳುತ್ತದೆ.

ನಾನು ನೋಡಿದ ಒಬ್ಬ ಅಂಗನವಾಡಿ ಟೀಚರ್ ಹತ್ತಿಯ ಹಂಗಾಮಿನಲ್ಲಿ ಕತ್ತಲಿರುವಾಗಲೇ ಒಲೆ ಹಚ್ಚುತ್ತಿದ್ದಳು. ಗಾಡಿ ಬರುವ ಮೊದಲು ಬಸುರಿಯರಿಗೆ ಊಟ ಹಾಕಿ ಕಳಿಸುತ್ತಿದ್ದಳು. ಯಾವ ಸುತ್ತೋಲೆಯಲ್ಲೂ ಹಾಗೆ ಮಾಡೆಂದು ಇಲ್ಲ. ಸಹಾಯಕಿಯೂ ಅವಳೂ ಮಾತಾಡಿಕೊಂಡು ಮಾಡಿದ್ದು. ಅವಳ ಹಾಜರಿ ಪುಸ್ತಕವನ್ನು ಪಕ್ಕದ ಊರುಗಳ ಪುಸ್ತಕದೊಂದಿಗೆ ತಿಂಗಳು ತಿಂಗಳಿಗೆ ಹೋಲಿಸಿ ನೋಡಿದರೆ ಅದೇ ಒಂದು ಪ್ರಬಂಧ. ಅದನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಮುಂದೆ, ಜಿಲ್ಲಾ ಪಂಚಾಯಿತಿಯ ಮುಂದೆ ಇಟ್ಟು, ಊಟದ ಹೊತ್ತನ್ನು ಆಯಾ ಊರಿನ ಹಂಗಾಮಿಗೆ ತಕ್ಕ ಹಾಗೆ ಇಟ್ಟುಕೊಳ್ಳಲು ಬಿಡಿ ಎಂದು ವಾದಿಸಬಹುದು. ಸಾರ್ವಜನಿಕ ಆರೋಗ್ಯದಲ್ಲಿ ಇಷ್ಟು ಚಿಕ್ಕ ಬದಲಾವಣೆಗಳೇ ದೊಡ್ಡ ಕೆಲಸ ಮಾಡುತ್ತವೆ, ಮಾಡಿಸುವವರು ಬೇಕು.

ಅಂಥ ಬದಲಾವಣೆ ಸಾಧ್ಯ ಎಂಬುದು ಮೊಟ್ಟೆಯ ವಿಷಯದಲ್ಲಿ ಕಂಡಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರಿಂದ ದೊಡ್ಡ ವಿರೋಧ ಬಂತು. ಒಪ್ಪುವ ಮಕ್ಕಳಿಗೆ ಮೊಟ್ಟೆ, ಉಳಿದವರಿಗೆ ಬಾಳೆಹಣ್ಣು ಎಂದು ಸರ್ಕಾರ ಮುಂದುವರಿಯಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳ ತೂಕವನ್ನು, ಆಗ ಮೊಟ್ಟೆ ಸಿಗದ ಗದಗಿನ ಮಕ್ಕಳ ತೂಕದೊಂದಿಗೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳು ಮುಂದಿದ್ದರು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರೂ ದಿನ ಕೊಡುವಂತಾಯಿತು. ಗದ್ದಲದ ನಡುವೆ ತೂಕ ನೋಡಿ ಬರೆದಿಟ್ಟುಕೊಂಡವರ ಮಾತಿಗೆ ಬೆಲೆ ಬಂತು. ಮಗುವಿನ ಪರವಾಗಿ ವಾದಿಸುವಾಗ ನಿಮ್ಮ ಕೈಯಲ್ಲಿ ಅಂಕಿ ಇರಬೇಕು.

ಆದರೆ ಅಂಕಿಯನ್ನು ಸರಿಯಾಗಿ ಪಡೆಯುವುದೇ ಒಂದು ವಿದ್ಯೆ. ಹಿಂದಿನ 24 ಗಂಟೆಯಲ್ಲಿ ಏನು ತಿಂದಿರಿ ಎಂದು ಕೇಳುವ ಪ್ರಶ್ನಾವಳಿಯನ್ನು ನಿಮಗೆ ತರಗತಿಯಲ್ಲಿ ಕಲಿಸುತ್ತಾರೆ. ಊರಿನಲ್ಲಿ ಅದಕ್ಕೆ “ರೊಟ್ಟಿ ಪಲ್ಯ ಉಂಡೀವ್ರಿ” ಎಂಬ ಉತ್ತರ ಬರುತ್ತದೆ, ನೀವು ರೊಟ್ಟಿ ಎಂದು ಒಂದು ಗುರುತು, ಪಲ್ಯ ಎಂದು ಒಂದು ಗುರುತು ಹಾಕಿಕೊಂಡು ಎದ್ದು ಬರುತ್ತೀರಿ. ಕೂತು ಕೇಳಿದರೆ ಮಾತ್ರ ಉಳಿದದ್ದು ಹೊರಗೆ ಬರುತ್ತದೆ. ಎಷ್ಟು ರೊಟ್ಟಿ ಬಡಿದಿರಿ, ಮೊದಲು ಯಾರು ಉಂಡರು, ಬುತ್ತಿ ಕಟ್ಟಿದ್ದು ಎಷ್ಟು, ನೀವು ಉಣ್ಣುವಾಗ ಪಲ್ಯ ಉಳಿದಿತ್ತೋ ಖಾರದ ಪುಡಿ ಹಚ್ಚಿಕೊಂಡು ಉಂಡಿರೋ? ಈ ಪ್ರಶ್ನೆಗಳನ್ನು ಗಂಡ, ಅತ್ತೆ ಎದುರಿಗೆ ಇರುವಾಗ ಕೇಳಬಾರದು. ಸಮೀಕ್ಷೆಗೆ ಯಾವ ತಿಂಗಳು ಹೋಗುತ್ತೀರಿ ಎಂಬುದೂ ಮುಖ್ಯ. ಬಿಳಿಜೋಳದ ರಾಶಿಯಾದ ಹೊಸದರಲ್ಲಿ ಹೋದರೆ ಮನೆ ತುಂಬಿರುತ್ತದೆ. ಆಷಾಢದಲ್ಲಿ ಹೋಗಿ ನೋಡಿ. ಹಳೆಯ ಕಾಳು ತೀರಿರುತ್ತದೆ, ಹೊಸ ಬೆಳೆ ಮೊಣಕಾಲೆತ್ತರ ಇರುತ್ತದೆ, ಬಿತ್ತನೆಗೆ ಮಾಡಿದ ಸಾಲ ತಲೆಯ ಮೇಲಿರುತ್ತದೆ. ಆಗ ಸಂತೆಯ ಚೀಲ ಹೇಗೆ ಚಿಕ್ಕದಾಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವುದು ಶೇ 11.3 ಮಂದಿಗೆ ಮಾತ್ರ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಸಂಖ್ಯೆಯ ಹಿಂದೆ ಇರುವುದು ಆಷಾಢದ ಅಡುಗೆಮನೆಗಳು.

ಗುಳೆ ಹೋಗುವವರನ್ನು ನಮ್ಮ ಲೆಕ್ಕಗಳು ಹೆಚ್ಚು ಕಡಿಮೆ ಕೈಬಿಟ್ಟೇ ಇವೆ. ಸುಗ್ಗಿ ಮುಗಿದ ಮೇಲೆ ತಾಂಡಾಗಳಲ್ಲಿ, ಕೇರಿಗಳಲ್ಲಿ ಬಾಗಿಲಿಗೆ ಬೀಗ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಪುಣೆಗೆ, ಗೋವಾಕ್ಕೆ, ಕಬ್ಬು ಕಡಿಯಲು ಹೋಗುತ್ತಾರೆ. ಊರಿನ ಅಂಗನವಾಡಿಯಲ್ಲಿ ಆ ಮಗು ವಲಸೆ ಎಂಬ ಒಂದು ಪದವಾಗಿ ಉಳಿಯುತ್ತದೆ. ಹೋದ ಕಡೆ ಶೆಡ್ಡಿನ ಹತ್ತಿರ ಅಂಗನವಾಡಿ ಇರುವುದಿಲ್ಲ. ಇದ್ದರೂ ನಮ್ಮ ಹೆಸರು ಅಲ್ಲಿ ನಡೆಯುತ್ತದೆ ಎಂದು ತಾಯಿಗೆ ಗೊತ್ತಿರುವುದಿಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಬೇರೆ ಊರಿನಲ್ಲೂ ಥಂಬ್ ಕೊಟ್ಟು ಧಾನ್ಯ ಪಡೆಯಬಹುದು, ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ರಾಜ್ಯದ ಗಡಿ ದಾಟಿದರೆ ಸಿಗುವುದು ಕೇಂದ್ರದ ಕಾಯ್ದೆಯ ಪಾಲು ಮಾತ್ರ. ಎರಡು ವರ್ಷದ ಮಗುವಿಗೆ ಬೇಕಾದ ಪುಷ್ಟಿ ಪುಡಿ, ಮೊಟ್ಟೆ, ಹಾಲು ಆ ಚೀಟಿಯೊಂದಿಗೆ ಪ್ರಯಾಣ ಮಾಡುವುದಿಲ್ಲ. 2025ರ ಜುಲೈನಿಂದ ಅಂಗನವಾಡಿಯಿಂದ ಮನೆಗೆ ಒಯ್ಯುವ ಪಡಿತರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವುದೂ ಕಡ್ಡಾಯವಾಗಿದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಟೀಚರ್ ಮೊಬೈಲ್ ಹಿಡಿದು ಮಾಳಿಗೆ ಹತ್ತುವುದನ್ನು, ಮಗು ಎತ್ತಿಕೊಂಡ ತಾಯಿ ಕೆಳಗೆ ಕಾಯುವುದನ್ನು ನೀವೇ ಹೋಗಿ ನೋಡಬೇಕು. ಕಳ್ಳತನ ತಡೆಯಲು ತಂದ ವ್ಯವಸ್ಥೆ ಎಷ್ಟು ಅರ್ಹರನ್ನು ಹೊರಗೆ ಇಟ್ಟಿದೆ ಎಂದು ಎಣಿಸುವುದು ಆರೋಗ್ಯ ಸಂಶೋಧನೆಯೇ.

ಇನ್ನು ಕೆಲಸದ, ಸಂಬಳದ ಮಾತು. ಮುಚ್ಚಿಡುವುದಿಲ್ಲ. ಈ ದಾರಿಯಲ್ಲಿ ಸಿಗುವ ಮೊದಲ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು. ಪೋಷಣ್ ಅಭಿಯಾನದ ಜಿಲ್ಲಾ, ತಾಲ್ಲೂಕು ಸಂಯೋಜಕರು, ಪೌಷ್ಟಿಕ ಪುನಶ್ಚೇತನ ಕೇಂದ್ರದ ಆಹಾರ ಸಲಹೆಗಾರರು, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಸಂಯೋಜಕರು. ನಾನು ಮೊದಲು ಸೇರಿದ ಕಡೆ ತಿಂಗಳುಗಟ್ಟಲೆ ಸಂಬಳ ತಡವಾಗುತ್ತಿತ್ತು, ಪ್ರತಿ ಮಾರ್ಚಿನಲ್ಲಿ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಚಿಂತೆ. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ನಿರ್ದೇಶನಾಲಯ, ಪ್ರತ್ಯೇಕ ವೃಂದ ಇದೆ. ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ 1939ರಷ್ಟು ಹಳೆಯದು. ನಮ್ಮಲ್ಲೂ ಅಂಥ ಭದ್ರ ವೃಂದ ಬೇಕು, ಅದರಲ್ಲಿ ಆಹಾರ ಭದ್ರತೆಗೆ ಹುದ್ದೆಗಳು ಬೇಕು ಎಂದು ನೀವೆಲ್ಲ ಸೇರಿ ಕೇಳಬೇಕು. ಒಬ್ಬೊಬ್ಬರೇ ಸಹಿಸಿಕೊಂಡು ಹೋದರೆ ಒಳ್ಳೆಯ ಹುಡುಗ ಹುಡುಗಿಯರು ಮೂರು ವರ್ಷಕ್ಕೆ ಸುಸ್ತಾಗಿ ಊರು ಬಿಡುತ್ತಾರೆ. ಹಾಗೆ ಬಿಟ್ಟವರನ್ನು ಬಹಳ ನೋಡಿದ್ದೇನೆ, ಅವರ ಮೇಲೆ ನನಗೆ ಬೇಸರವಿಲ್ಲ.

ಉಳಿಯಬೇಕೆನ್ನುವವರಿಗೆ ಆಸರೆಗಳೂ ಇವೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಆಹಾರ ಕೋಷ್ಟಕಗಳು ನಿಮ್ಮ ಮೇಜಿನ ಮೇಲೆ ಸದಾ ಇರಲಿ. ಬೆಂಗಳೂರಿನ ಸೊಚಾರಾ ಸಂಸ್ಥೆ ಸಮುದಾಯ ಆರೋಗ್ಯಕ್ಕೆ ಬಂದ ಎಷ್ಟೋ ಯುವಕರನ್ನು ತಿದ್ದಿ ತೀಡಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೆ. ಅಲ್ಲಿಗೆ ಹೋದರೆ ಸೋಲಿಗರ ಊಟವನ್ನು ಗಮನಿಸಿ. ಕಾಡಿನ ಗೆಣಸು, ಸೊಪ್ಪು, ಜೇನು ಅವರ ಹಿರಿಯರ ತಾಟಿನಲ್ಲಿದ್ದವು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕಾಡಿಗೆ ಹೋಗಿ ಬರುವ ಹಕ್ಕು ಮಗುವಿನ ಪೌಷ್ಟಿಕತೆಗೆ ನೇರ ಸಂಬಂಧಪಟ್ಟದ್ದು ಎಂದು ಅಲ್ಲಿಯ ಹಿರಿಯರ ಜೊತೆ ಒಂದು ದಿನ ನಡೆದರೆ ತಾನೇ ತಿಳಿಯುತ್ತದೆ.

ಕಾಯ್ದೆಯನ್ನೂ ಓದಿಕೊಳ್ಳಿ, ದಯವಿಟ್ಟು. ಆಹಾರ ಭದ್ರತಾ ಕಾಯ್ದೆಯಲ್ಲಿ ಸಾಮಾಜಿಕ ಪರಿಶೋಧನೆಗೆ ಅವಕಾಶ ಇದೆ, ಪ್ರತಿ ನ್ಯಾಯಬೆಲೆ ಅಂಗಡಿಗೆ ಜಾಗೃತಿ ಸಮಿತಿ ಇರಬೇಕು, ದೂರು ಕೇಳಲು ರಾಜ್ಯ ಆಹಾರ ಆಯೋಗ ಇದೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ (ಎಂಪಿಎಚ್) ಮಾಡಿದವರಲ್ಲಿ ಇವುಗಳನ್ನು ಬಳಸಿದವರು ಬಹಳ ಕಡಿಮೆ. ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ ಎಂದು ಪಟ್ಟಿ ಸುತ್ತಿ ಹೇಳುವುದು ನಿಮಗೆ ಬರುತ್ತದೆ. ಆ ಮಗುವನ್ನು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಎಂದರೆ ತಾಯಿ ಒಪ್ಪುವುದಿಲ್ಲ. ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಎರಡು ವಾರದ ಕೂಲಿ, ಎಮ್ಮೆಗೆ ಮೇವು. ಅವಳ ಕೂಲಿ ನಷ್ಟಕ್ಕೆ ಕೊಡುವ ಹಣ ಸಕಾಲಕ್ಕೆ ಕೈಸೇರುತ್ತದೆಯೇ, ಊರಿನಲ್ಲಿ ಆ ಮಕ್ಕಳನ್ನು ನೋಡಿಕೊಳ್ಳಲು ಸ್ವಸಹಾಯ ಸಂಘದವರು ಸಿಗುತ್ತಾರೆಯೇ ಎಂದು ಓಡಾಡುವುದು ಚಿಕಿತ್ಸೆಯ ಭಾಗವೇ.

ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ಪ್ರಬಂಧಕ್ಕೆ ಇಡೀ ಜಿಲ್ಲೆ ಆರಿಸಿಕೊಳ್ಳಬೇಡಿ, ಒಂದು ಅಂಗನವಾಡಿ ಕೇಂದ್ರ ಆರಿಸಿಕೊಳ್ಳಿ. ಅಲ್ಲಿಗೆ ಒಂದು ವರ್ಷದಲ್ಲಿ ಏನು ಬರಬೇಕಿತ್ತು, ಯಾವ ದಿನ ಏನು ಬಂತು, ಯಾರಿಗೆ ಮುಟ್ಟಿತು, ಯಾರಿಗೆ ಯಾಕೆ ಮುಟ್ಟಲಿಲ್ಲ ಎಂಬುದಷ್ಟನ್ನೇ ಬೆನ್ನುಹತ್ತಿ. ದಾಸ್ತಾನು ಪುಸ್ತಕ, ತೂಕದ ಪುಸ್ತಕ, ತಾಯಿ ಕಾರ್ಡ್, ನ್ಯಾಯಬೆಲೆ ಅಂಗಡಿಯ ಲೆಕ್ಕ, ಸಂತೆಯ ದರ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿಕೊಳ್ಳಿ. ಟೀಚರ್ ಮೇಲೆ ತಪ್ಪು ಹುಡುಕಲು ಬಂದಿಲ್ಲ ಎಂದು ಮೊದಲ ದಿನವೇ ಅವಳಿಗೆ ಹೇಳಿ, ಹಾಗೆಯೇ ನಡೆದುಕೊಳ್ಳಿ. ಬರೆದು ಮುಗಿಸಿದ ಮೇಲೆ ಇಂಗ್ಲಿಷಿನ ಪ್ರತಿ ಕಾಲೇಜಿಗೆ ಕೊಡಿ. ಕನ್ನಡದಲ್ಲಿ ನಾಲ್ಕು ಪುಟ ಬೇರೆ ಬರೆದು ಆ ಊರಿನ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಓದಿ, ತಾಯಂದಿರು ಏನು ತಿದ್ದಿಸುತ್ತಾರೋ ತಿದ್ದಿ, ಗ್ರಾಮ ಪಂಚಾಯಿತಿಗೂ ಸಿಡಿಪಿಒ ಕಚೇರಿಗೂ ಸ್ವೀಕೃತಿ ಪಡೆದು ಸಲ್ಲಿಸಿ.

ಪ್ರೀತಿಯಿಂದ,
ರಾಯಚೂರು ಜಿಲ್ಲೆಯ ಒಬ್ಬ ಆರೋಗ್ಯ ಕಾರ್ಯಕರ್ತೆ